ನೂರಾ ಹನ್ನೆರಡು ಸಲ ಖಚಿತ

ಡೇರಿಯಲ್ಲಿ ಹಾಲಿನ ಲೆಕ್ಕ ಬರೆಯುವ ಸಾಕಮ್ಮ ಹದಿನಾಲ್ಕು ವರ್ಷಗಳಿಂದ ಕೀಬೋರ್ಡ್ ನೋಡಿದವಳಲ್ಲ. ಕಣ್ಣು ಸಾಲಿನ ಮೇಲೆ, ಬಾಯಿ ಊರಿನ ಮೇಲೆ, ಬೆರಳು ಮಾತ್ರ ಕಂಪ್ಯೂಟರಿನ ಮೇಲೆ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಪ್ರತಿ ಕ್ಯಾನಿಗೂ ಪರದೆಯಲ್ಲಿ ‘ಖಚಿತವೇ?’ ಎಂಬ ಪೆಟ್ಟಿಗೆ ನಿಧಾನವಾಗಿ ಮೂಡತೊಡಗಿತು. ಎಂಟರ್ ಒತ್ತದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಹಾಲು ತಂದವರ ಸಾಲು ಹೊರಗಿನ ಬೇವಿನ ಮರದವರೆಗೂ ಬೆಳೆಯಿತು.

ಆ ಸಾಫ್ಟ್‌ವೇರ್ ಬರೆದ ಅಖಿಲೇಶ ನೋಡಲು ಬಂದ.

“ಆ ಪೆಟ್ಟಿಗೆ ಕಿತ್ತಾಕಿ ಸಾರ್. ಕೊನೇಲಿ ನಿಂತೋರ ಹಾಲು ಒಡೀತದೆ, ಬೈಸ್ಕೊಳ್ಳೋಳು ನಾನು.”

“ಆಗಲ್ಲಮ್ಮ. ನಿಮ್ಮಂಥ ಪಳಗಿದೋರೇ ಓದದೆ ಒತ್ತೋದು.”

“ನಾನಾ? ಒಂದೊಂದಕ್ಷರಾನೂ ಓದ್ತೀನಿ.”

ಅಖಿಲೇಶ ನಕ್ಕ. “ಇವತ್ತು ಬೆಳಿಗ್ಗೆ ಪ್ರಶ್ನೆ ಬದಲಾಯಿಸಿದ್ದೆ. ‘ನಾನೊಂದು ಎಮ್ಮೆ. ಖಚಿತವೇ?’ ಅಂತಿತ್ತು. ನೂರಾ ಹನ್ನೆರಡು ಸಲ ಹೌದು ಅಂದಿದ್ದೀರಿ.”

ಸಾಲಿನಲ್ಲಿದ್ದವರು ಕ್ಯಾನು ಕೆಳಗಿಟ್ಟು ನಕ್ಕರು. “ಹೊತ್ತಿಗೆಷ್ಟು ಲೀಟರ್ ಕೊಡ್ತೀಯಕ್ಕ?” ಎಂದ ಒಬ್ಬ.

ಸಾಕಮ್ಮನೂ ನಕ್ಕಳು. ಅಖಿಲೇಶನಿಗೆ ಕಾಫಿ ತರಿಸಿದಳು. ಅವನು ಕುಡಿದು ಮುಗಿಸುವಷ್ಟರಲ್ಲಿ ಭೇಟಿ ಪುಸ್ತಕದಲ್ಲಿ ಎರಡು ಸಾಲು ಗೀಚಿ ಮುಂದಿಟ್ಟಳು.

“ಬಂದೋರೆಲ್ಲ ಹಾಕ್ತಾರೆ ಸಾರ್, ನೀವೂ ಒಂದು ರುಜು ಹಾಕಿ.”

ಅಖಿಲೇಶ ಫೋನು ನೋಡುತ್ತಲೇ ರುಜು ಎಳೆದ. ಸಾಕಮ್ಮ ಪುಸ್ತಕ ತಿರುಗಿಸಿಕೊಂಡು, ಬೇವಿನ ಮರದವರೆಗೂ ಕೇಳುವಂತೆ ಓದಿದಳು:

“ಸದರಿ ಪೆಟ್ಟಿಗೆಯನ್ನು ನಾಳೆ ಬೆಳಗಿನೊಳಗೆ ತೆಗೆಯುತ್ತೇನೆ. ತಪ್ಪಿದಲ್ಲಿ ನಾನೊಂದು ಕೋಣವೆಂದು ಈ ಮೂಲಕ ಓದಿ ಒಪ್ಪಿ ರುಜು ಮಾಡಿರುತ್ತೇನೆ.”