ತಾರೀಖಿಲ್ಲದ ಪತ್ರ

ರಾಜ್ಯದಲ್ಲಿದ್ದಾಗ ಗುರುಪಾದಪ್ಪನವರ ರಾಜಕಾರಣವೆಲ್ಲ ಒಂದು ಬೀರುವಿನೊಳಗಿತ್ತು. ಟಿಕೆಟ್ ಕೊಡಿಸುವ ಮೊದಲೇ ತಮ್ಮ ಬಣದ ಪ್ರತಿಯೊಬ್ಬನಿಂದಲೂ ತಾರೀಖು ಹಾಕದ ರಾಜೀನಾಮೆ ಪತ್ರ ಬರೆಸಿಕೊಂಡು ಅದರಲ್ಲಿಟ್ಟು ಬೀಗ ಹಾಕುತ್ತಿದ್ದರು. ಬಾಲ ಬಿಚ್ಚಿದ ಶಾಸಕನ ಪತ್ರಕ್ಕೆ ತಾರೀಖು ಬೀಳುತ್ತಿತ್ತು.

ಅಂಥ ಗುರುಪಾದಪ್ಪನವರನ್ನು ಪಕ್ಷದ ಅಧ್ಯಕ್ಷರು ಕೇಂದ್ರ ಮಂತ್ರಿ ಮಾಡಿ ದೆಹಲಿಯಲ್ಲಿ ಕೂರಿಸಿದರು. ಎರಡು ವರ್ಷ ಅಧಿಕಾರಿಗಳು ತೋರಿಸಿದಲ್ಲಿ ಸಹಿ ಹಾಕಿ ಹಾಕಿ ಉಸಿರು ಕಟ್ಟಿತು. ಕೊನೆಗೊಂದು ದಿನ ಅದೇ ಅಧ್ಯಕ್ಷರ ಮುಂದೆ ರಾಜೀನಾಮೆ ಇಟ್ಟರು.

"ಸಾಕಾಯ್ತು ಸ್ವಾಮಿ, ನನ್ನನ್ನ ಊರಿಗೆ ಬಿಟ್ಟುಬಿಡಿ."

"ಮತ್ತೆ ಬಣ ಕಟ್ಟೋಕಾ?"

"ಇಲ್ಲ, ಹೊಲ ಮನೆ ನೋಡ್ಕೊಂಡು ಸುಮ್ಮನಿರ್ತೀನಿ."

ಅಧ್ಯಕ್ಷರು ಪತ್ರವನ್ನು ಪೂರ್ತಿ ಓದಿ ತಲೆದೂಗಿದರು. ಗುರುಪಾದಪ್ಪನವರಿಗೆ ಹೋದ ಜೀವ ಬಂದಂತಾಯಿತು.

ಅಧ್ಯಕ್ಷರು ವೈಟ್ನರ್ ತೆಗೆದು ತಾರೀಖನ್ನಷ್ಟೇ ಅಳಿಸಿ, ಪತ್ರವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.