ಮಾತ್ರೆ ನುಂಗದ ರಾಣಿ

ನಾಟಕ ಕಂಪನಿಯಲ್ಲಿ ಈಗ ಯಾರೂ ನಟನೆ ಕಲಿಯುವುದಿಲ್ಲ. ಪಾತ್ರದ ಮಾತ್ರೆ ನುಂಗಿದರೆ ಸಾಕು, ರಾಣಿ ತಾನಾಗಿಯೇ ಮೈಯೊಳಗೆ ಇಳಿದು ಬರುತ್ತಾಳೆ. ಆಟ ಮುಗಿದ ಮೇಲೆ ಬಣ್ಣ ಹಚ್ಚುವ ದಾವಲಸಾಬ ನಟರ ಮುಖ ಒರೆಸುತ್ತ, ಅವರವರ ಸ್ವಂತ ಹೆಸರು ಹಿಡಿದು ಕೂಗುತ್ತಾನೆ. ಓಗೊಟ್ಟವರನ್ನಷ್ಟೇ ಮನೆಗೆ ಬಿಡುವುದು.

ನಿನ್ನೆ ರಾಣಿ ಪಾತ್ರದ ನೀಲವ್ವ ಓಗೊಟ್ಟದ್ದು ಹನ್ನೊಂದನೆಯ ಕೂಗಿಗೆ. ಇಪ್ಪತ್ತು ವರ್ಷಗಳಿಂದ ಮೈಯೊಳಗೆ ಇಳಿದ ರಾಣಿಯರ ಅಡಿಯಲ್ಲಿ ತನ್ನನ್ನು ತಾನೇ ಹುಡುಕಿ ಹುಡುಕಿ ಅವಳು ದಣಿದಿದ್ದಳು. ಒಂದು ದಿನ ಸಿಗದೇ ಹೋದರೆ?

"ನೀಲವ್ವಾ," ಎಂದ ದಾವಲಸಾಬ ಇವತ್ತು.

"ಹೂಂ, ಅಣ್ಣಾ."

ಕೊಬ್ಬರಿ ಎಣ್ಣೆಯ ಅರಿವೆ ಹಿಡಿದ ಅವನ ಕೈ ನಿಂತಿತು. "ಒಂದ ಕೂಗಿಗೆ ಬಂದಿ! ಮಾತ್ರಿ ನುಂಗಿಲ್ಲೇನ?"

"ಇಲ್ಲ. ಸಾಕಾಗೇತಿ. ಮಂದಿಗೆ ಗೊತ್ತಾತೇನ?"

"ಮಂದಿ ಅತ್ತರು. ಆದರ ಮಗ ಸತ್ತ ಸುದ್ದಿ ಕೇಳಿ ರಾಣಿ ಸೆರಗಿಲೆ ಮೂಗು ಒರಸಿಕೊಂಡಳು. ಇಷ್ಟು ವರ್ಷದಾಗ ಯಾವ ರಾಣಿನೂ ಹಂಗ ಮಾಡಿದ್ದಿಲ್ಲವ್ವ."

ನೀಲವ್ವ ಸೆರಗಿನ ತುದಿ ಹಿಡಿದು ನೋಡಿದಳು.

"ಅಕಿ ನಾನ, ಅಣ್ಣಾ," ಎಂದು ಮೆಲ್ಲಗೆ ಹೇಳಿ, ಸೋತ ಕಾಲುಗಳನ್ನು ಚಾಚಿ ಕುಳಿತಳು.