ಬೆರಳಿನ ಬಹುಮಾನ

ಟೆರಿಯರ್ ನಾಯಿಯ ತಂತಿಯಂಥ ಕೂದಲಿಗೆ ಕತ್ತರಿ ತಾಗಿಸುವಂತಿಲ್ಲ. ಸತ್ತ ಕೂದಲನ್ನು ಬೆರಳಿನಿಂದಲೇ ಮೆಲ್ಲಗೆ ಕೀಳಬೇಕು. ಪದ್ಮರಾಜಯ್ಯನವರ ಮನೆಯಲ್ಲಿ ಮೂರು ವಾರ ಕೂತು ಅವರ ನಾಯಿಗೆ ಆ ಕೆಲಸ ಮಾಡಿದವಳು ಫಿಲೋಮಿನಾ. ಶ್ವಾನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದಾಗ ಬೆವರು ಒರೆಸಿಕೊಳ್ಳುತ್ತ ನಾಯಿಯೊಂದಿಗೆ ವೇದಿಕೆ ಹತ್ತಿದವರು ಮಾತ್ರ ಪದ್ಮರಾಜಯ್ಯನವರು.

“ಇಷ್ಟು ಚೆಂದ ಕೂದಲು ಕಿತ್ತೋರು ಯಾರು ಸಾರ್?” ತೀರ್ಪುಗಾರರು ಅವರ ಬಾಯಿಯ ಮುಂದೆ ಮೈಕ್ ಹಿಡಿದರು.

“ನಾನೇ. ಬೇರೆಯವರ ಕೈ ತಾಗಿದ್ರೆ ಇದಕ್ಕೆ ಆಗೋದೇ ಇಲ್ಲ.”

ಕೆಳಗೆ ನಿಂತಿದ್ದ ಫಿಲೋಮಿನಾ ಬೊಬ್ಬೆ ಎದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು.

“ಹಾಗಾದ್ರೆ ಸ್ವಲ್ಪ ಕಿತ್ತು ತೋರಿಸಿ.”

ಪದ್ಮರಾಜಯ್ಯನವರು ನಾಯಿಯ ಬೆನ್ನಿಗೆ ಕೈಹಾಕಿ ಒಂದು ಹಿಡಿ ಕೂದಲನ್ನು ಜಗ್ಗಿದರು. ನಾಯಿ ಅವರ ಹೆಬ್ಬೆರಳನ್ನು ಕಚ್ಚಿಕೊಂಡಿತು.

“ಅಯ್ಯೋ, ಬಾರೇ ಫಿಲೋಮಿನಾ!” ಅವರು ಮೈಕಿನಲ್ಲೇ ಕಿರುಚಿದರು. “ದಿನಾ ಕಿತ್ತೋಳು ನೀನು, ನನ್ನನ್ಯಾಕೆ ಕಚ್ತಿದೆ ಇದು?”